ವಂಶಾವಳಿ ನೋಡಿ ಭೂಮಿ ವಯಸ್ಸು ಹೇಳಾಕ ಬರಂಗಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಪೇಪರಿನ ವಾಚಕರ ಪತ್ರದಾಗ ಒಬ್ರು ಬರೆದಿದ್ರು, ಬೈಬಲ್ಲಿನ ವಂಶಾವಳಿ ಕೂಡಿಸಿ ನೋಡಿದ್ರ ಭೂಮಿ ಹುಟ್ಟಿ ಬರೇ ಆರು ಸಾವಿರ ವರ್ಷ ಆಗ್ಯಾವು, ವಿಜ್ಞಾನಿಗಳು ಹೇಳೋ ಕೋಟಿ ಕೋಟಿ ವರ್ಷ ಎಲ್ಲಾ ಗಾಳಿ ಲೆಕ್ಕ ಅಂತ. ಎರಡು ದಿನ ಬಿಟ್ಟು ಇನ್ನೊಬ್ರು ಅದಕ್ಕ ಉತ್ತರ ಕೊಟ್ರು, ಆ ಲೆಕ್ಕ ಹಾಕಿದ ಪಾದ್ರಿ ಒಬ್ಬ ಹುಚ್ಚ, ಮೂಢ, ಅಂತ. ನಾನು ಎರಡೂ ಪತ್ರ ಕತ್ತರಿಸಿ ಇಟ್ಕೊಂಡೀನ್ರಿ. ಇಬ್ರೂ ತಪ್ಪಿದಾರ ಅಂತ ನನಗ ಅನಸ್ತೈತಿ, ಆದ್ರ ತಪ್ಪಿದ ಜಾಗ ಬ್ಯಾರೆ ಬ್ಯಾರೆ. ನಾನೇನ ವಿಜ್ಞಾನಿ ಅಲ್ಲ, ಪಂಡಿತನೂ ಅಲ್ಲ, ಗದಗ ಜಿಲ್ಲಾದಾಗ ಮೂವತ್ತು ವರ್ಷದ ಮ್ಯಾಲೆ ತಲಾಠಿ, ಅಂದ್ರ ಗ್ರಾಮ ಲೆಕ್ಕಿಗನ, ಕೆಲಸ ಮಾಡಿ ರಿಟೈರ್ ಆದವ. ವರ್ದಿ ತಗೊಳ್ಳೋದು, ವಾರಸಾ ಹಚ್ಚೋದು, ವಂಶಾವಳಿ ಬರೆಸಿ ಪಂಚರ ಸಹಿ ಹಾಕಿಸೋದು, ಇದರಾಗ ಜಲ್ಮ ಹೋತು. ಹಂಗಾಗಿ ವಂಶಾವಳಿ ಅನ್ನೋ ಕಾಗದ ಎಲ್ಲಿ ಖರೆ ಹೇಳ್ತೈತಿ, ಎಲ್ಲಿ ಸುಮ್ಮ ಕುಂದರತೈತಿ ಅನ್ನೋದರ ಬಗ್ಗೆ ನಾಕ ಮಾತು ಹೇಳೋ ಹಕ್ಕು ನನಗೂ ಐತಿ ಅನ್ಕೊಂಡು ಬರಿಯಾಕತ್ತೀನಿ, ಉದ್ದ ಆದ್ರ ಕತ್ತರಿ ಹಾಕ್ರಿ.

ಮೊದಲು ಈ ಲೆಕ್ಕ ನಾನು ನೋಡಿದ್ದು ಎಲ್ಲಿ ಅಂತ ಹೇಳ್ತೀನಿ. ಬೆಟಗೇರಿಯೊಳಗ ನನ್ನ ಹಳೇ ಗೆಳೆಯ ಒಬ್ಬ ಅದಾನ, ಅವರದು ಬಾಸೆಲ್ ಮಿಷನ್ ಕಾಲದಿಂದ ಕ್ರಿಶ್ಚಿಯನ್ ಮನೆತನ. ಮಿಷನ್ನಿನವರು ಧಾರವಾಡಕ್ಕ ಬಂದಿದ್ದು 1837ರಾಗ, ಹುಬ್ಬಳ್ಳಿಗೆ 1839ರಾಗ, ಬೆಟಗೇರಿಗೆ 1841ರಾಗ. ಅವರ ಅಜ್ಜನ ಟ್ರಂಕಿನಾಗ ಒಂದು ದಪ್ಪನೆ ಇಂಗ್ಲಿಷ್ ಬೈಬಲ್ ಇತ್ತು, ಹುಳ ಹಿಡಿದು ಅಂಚೆಲ್ಲಾ ಜಾಳಗಿ ಆಗಿತ್ತು. ಮೊದಲನೇ ಪುಟ ತಗದ್ರ, ದೇವರು ಆಕಾಶ ಭೂಮಿ ಉಂಟುಮಾಡಿದ ಅನ್ನೋ ಸಾಲಿನ ಬಾಜೂಕ ಸಣ್ಣ ಅಕ್ಷರದಾಗ 4004 ಅಂತ ಅಚ್ಚು. ನಾನು ಅದನ್ನ ಪುಟದ ನಂಬರ್ ಇರಬೇಕು ಅನ್ಕೊಂಡೆ. ಗೆಳೆಯ ನಕ್ಕು, ಅದು ಇಸವಿನೋ ಮಾರಾಯಾ, ಕ್ರಿಸ್ತಪೂರ್ವ 4004, ಅಂದ. ಸೃಷ್ಟಿಗೆ ಇಸವಿ ಹಾಕಿದ್ದು ನೋಡಿ, ಹಕ್ಕಪತ್ರದ ಮ್ಯಾಲೆ ತಾರೀಖು ನೋಡಿದವನಂಗ ನನಗ ಭಾಳ ಖುಷಿ ಆತು, ಖರೇನ ಹೇಳ್ತೀನಿ.

ಆ ಇಸವಿ ಬೈಬಲ್ಲಿನ ಮೂಲದಾಗ ಇಲ್ರಿ. ಅದು ಆಯರ್ಲೆಂಡಿನ ಆರ್ಮಾ ಊರಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಅನ್ನೋರ ಲೆಕ್ಕ, 1650ರಾಗ ಲ್ಯಾಟಿನ್ನಿನೊಳಗ ಅಚ್ಚಾಗಿದ್ದು. 1701ರಾಗ ಇಂಗ್ಲೆಂಡಿನ ಬೈಬಲ್ಲಿನ ಅಂಚಿಗೆ ಅವರ ಇಸವಿಗಳನ್ನ ಸೇರಿಸಿದ್ರು, ಆಮ್ಯಾಲೆ ಇನ್ನೂರು ವರ್ಷ ಮಂದಿ ಅದನ್ನ ದೇವರ ಮಾತು ಅಂತನ ಓದಿದ್ರು. ಟಿಪ್ಪಣಿ ಯಾವುದು ಮೂಲ ಯಾವುದು ಅನ್ನೋದು ಕಲಸಿ ಹೋಗೋದು ದಫ್ತರಿನಾಗೂ ಹಿಂಗ ನೋಡ್ರಿ, ಯಾವನೋ ಸರ್ಕಲ್ ಸಾಹೇಬ ಪೆನ್ಸಿಲ್ಲಿನಿಂದ ಬದೀಗೆ ಬರೆದಿದ್ದು ಮುಂದಿನ ಕಾಪಿಯೊಳಗ ಶಾಯಿ ಆಗಿ ಕಾಲಂ ಒಳಗ ಬಂದು ಕೂತಿರ್ತೈತಿ.

ಅಷರ್ ಹುಚ್ಚ ಅಲ್ಲ. ಎರಡನೇ ಪತ್ರ ಬರೆದವರಿಗೆ ಇದನ್ನ ಹೇಳಬೇಕು. ಹೀಬ್ರೂ, ಗ್ರೀಕ್, ಲ್ಯಾಟಿನ್ ಬಲ್ಲವ, ಅವರು ಕೂಡಿಸಿಟ್ಟಿದ್ದ ಸಾವಿರಾರು ಪುಸ್ತಕ ಈಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಾಗ ಅದಾವು. ಅದೇ ಕೆಲಸಕ್ಕ ಗ್ರಹಗಳ ಲೆಕ್ಕ ಕೊಟ್ಟ ಕೆಪ್ಲರ್ ಕೂಡ ಕೈ ಹಾಕಿದ್ದ, ಅವನಿಗೆ ಬಂದಿದ್ದು ಕ್ರಿ.ಪೂ. 3992ರ ಆಜೂಬಾಜೂ. ನ್ಯೂಟನ್ನೂ ಈ ಕಾಲಗಣನೆ ಬಗ್ಗೆ ತಲಿ ಕೆಡಿಸ್ಕೊಂಡು ವರ್ಷಗಟ್ಟಲೆ ಕೂತಿದ್ದ. ಆ ಕಾಲಕ್ಕ ಜಗತ್ತಿನ ಹಳೇ ದಾಖಲೆ ಅಂದ್ರ ಅವರು ಎಲ್ಲಾಕಿಂತ ಹೆಚ್ಚು ನಂಬಿದ್ದು ಬೈಬಲ್ಲನ್ನ, ಇದ್ದ ದಾಖಲೆ ಮ್ಯಾಲೆ ಲೆಕ್ಕ ಹಾಕಿದ್ರು.

ಲೆಕ್ಕ ಹೆಂಗಂದ್ರ, ಬೈಬಲ್ಲಿನ ಮೊದಲನೇ ಪುಸ್ತಕ ಆದಿಕಾಂಡದ 5ನೇ ಅಧ್ಯಾಯದಾಗ ಪ್ರತಿಯೊಬ್ಬಂವ ಎಷ್ಟನೇ ವರ್ಷಕ್ಕ ಮಗನ್ನ ಪಡೆದ ಅಂತ ಬರೆದೈತಿ. ಆದಾಮ 130ಕ್ಕ ಸೇತನ್ನ ಪಡೆದ, ಸೇತ 105ಕ್ಕ ಎನೋಷನ್ನ, ಎನೋಷ 90ಕ್ಕ, ಅವನ ಮಗ 70ಕ್ಕ, ಮುಂದ 65, 162, 65, 187, 182, ಹಿಂಗ ಬಂದು ನೋಹ ಹುಟ್ಟಿದ. ನೋಹನಿಗೆ 600 ಆದಾಗ ಜಲಪ್ರಳಯ. ಎಲ್ಲಾ ಕೂಡಿಸ್ರಿ, 1656 ಬರ್ತೈತಿ. ನಾನು ಕ್ಯಾಲೆಂಡರಿನ ಹಿಂದ ಬರಕೊಂಡು ಎರಡು ಸಲ ಕೂಡಿಸೀನಿ. ಮೆತೂಷೆಲಹ ಅನ್ನೋ ಹಿರಿಯ 969 ವರ್ಷ ಬದುಕಿದ ಅಂತೈತಿ, ಅವನ ಲೆಕ್ಕ ತಗದ್ರ ಸರಿಯಾಗಿ ಪ್ರಳಯದ ವರ್ಷಕ್ಕ ತೀರಿಕೊಂಡಂಗ ಆಗ್ತೈತಿ. ಅಲ್ಲೀತನ ಲೆಡ್ಜರ್ ಟ್ಯಾಲಿ.

ಮುಂದ 11ನೇ ಅಧ್ಯಾಯದಾಗ ಸಿಕ್ಕು ಬೀಳ್ತೈತಿ, ಮತ್ತ ಈ ಸಿಕ್ಕು ನನಗ ಭಾಳ ಪರಿಚಯದ್ದು. ತೆರಹ ಅನ್ನೋವ 70 ವರ್ಷ ಆದ ಮ್ಯಾಲೆ ಅಬ್ರಾಮ, ನಾಹೋರ, ಹಾರಾನ ಅಂತ ಮೂವರು ಮಕ್ಕಳನ್ನ ಪಡೆದ ಅಂತೈತಿ. ಮೊದಲನೇ ಹೆಸರು ಅಬ್ರಾಮ, ಅಂದ್ರ ಅಪ್ಪಗ 70 ಇದ್ದಾಗ ಅಬ್ರಾಮ ಹುಟ್ಟಿದ ಅಂತ ಓದೋದು ಸಹಜ. ಆದ್ರ ಅದೇ ಅಧ್ಯಾಯದ ಕೊನೀಗೆ ತೆರಹ 205 ವರ್ಷಕ್ಕ ಸತ್ತ ಅಂತೈತಿ, ಅದರ ಮುಂದ ಅಬ್ರಾಮ ಊರು ಬಿಟ್ಟಾಗ 75 ವರ್ಷ ಅಂತೈತಿ, ಇನ್ನೊಂದು ಕಡೆ ಅಪ್ಪ ಸತ್ತ ಮ್ಯಾಲೆ ಊರು ಬಿಟ್ಟ ಅಂತೈತಿ. 205ರಾಗ 75 ಕಳೀರಿ, 130. ಅಂದ್ರ ಅಬ್ರಾಮ ಹುಟ್ಟಿದ್ದು ಅಪ್ಪನ 130ನೇ ವರ್ಷಕ್ಕ, ಹೆಸರು ಮೊದಲು ಬಂದೈತಿ ಅಷ್ಟ, ಹಿರೇಮಗ ಅಂವ ಅಲ್ಲ. ಅಷರ್ ಈ 130ನ್ನ ಹಿಡಿದ್ರು, ಬ್ಯಾರೆಯವರು 70 ಹಿಡಿದ್ರು, ಇಲ್ಲೇ ಅರವತ್ತು ವರ್ಷ ಹಿಂದಮುಂದ.

ನನ್ನ ಸರ್ವಿಸಿನಾಗ ಇಂಥಾವು ಎಷ್ಟು ಬಂದಾವು ಲೆಕ್ಕ ಇಟ್ಟಿಲ್ಲ. ಒಮ್ಮೆ ರೋಣದ ಕಡೆ ಒಂದು ಹಳ್ಯಾಗ ವಾರಸಾ ಪ್ರಕರಣ, ವಂಶಾವಳಿಯೊಳಗ ಮೂರು ಮಂದಿ ಮಕ್ಕಳ ಹೆಸರು, ಮೊದಲನೇ ಹೆಸರಿನವ ಬಂದು ಕೂತಾನ, ನೋಡಿದ್ರ ಎಲ್ಲಾರಕಿಂತ ಸಣ್ಣಾವ. ಯಾಕಪಾ ನಿನ್ನ ಹೆಸರು ಮೊದಲ ಬರೆಸಿ ಅಂದ್ರ, ಊರಾಗ ಚೇರ್ಮನ್ ಆಗಿದ್ದು ನಾನ ಅಲ್ರೀ ಸಾಹೇಬ್ರ ಅಂದ. ಯಾರ ಹೆಸರು ದೊಡ್ಡದೋ ಅವರ ಹೆಸರು ಮೊದಲ ಬರ್ತೈತಿ, ಮೂರು ಸಾವಿರ ವರ್ಷದ ಹಿಂದೂ ಅಷ್ಟ, ರೋಣದಾಗೂ ಅಷ್ಟ.

ಹಿಂಗ ಕೂಡಿಸ್ತಾ ಕಳೀತಾ ಅಷರ್ ಕೆಳಗ ಇಳದು ಬಂದ್ರು. ಬೈಬಲ್ಲಿನೊಳಗ ಎಲ್ಲೂ ಕ್ರಿ.ಪೂ. ಅಂತ ಇರಂಗಿಲ್ಲಲ, ಅದಕ್ಕ ಹೊರಗಿನ ಒಂದು ಗಟ್ಟಿ ಗೂಟ ಬೇಕಿತ್ತು. ಬಾಬೆಲಿನ ರಾಜ ನೆಬೂಕದ್ನೆಚ್ಚರ ಸತ್ತಿದ್ದು ಕ್ರಿ.ಪೂ. 562 ಅಂತ ಗ್ರಹಣದ ದಾಖಲೆಗಳಿಗೆ ಹೊಂದೋ ಹಳೇ ಪಟ್ಟಿಯಿಂದ ಗೊತ್ತಿತ್ತು, ಆ ಗೂಟಕ್ಕ ಅರಸರ ವಂಶಾವಳಿ ಕಟ್ಟಿ ಹಿಂದಕ್ಕ ಎಣಿಸಿದ್ರು. ಯೆಹೂದ್ಯರ ವರ್ಷ ಶರತ್ಕಾಲಕ್ಕ ಸುರು ಆಗ್ತೈತಿ ಅಂತ, ಆ ಕಾಲದಾಗ ಹಗಲು ರಾತ್ರಿ ಸಮ ಆಗೋ ದಿನ ಮುಗಿದ ಮ್ಯಾಲಿನ ಮೊದಲನೇ ರವಿವಾರ ಹುಡುಕಿ, ಅಕ್ಟೋಬರ್ 23ರ ಹಿಂದಿನ ಸಂಜಿಗೆ ಸೃಷ್ಟಿ ಸುರು ಆತು ಅಂದ್ರು. ಬೆಳಿಗ್ಗೆ 9 ಗಂಟೆಗೆ ಅಂತ ಹೇಳಿದ್ರು ಅಂತ ನಗ್ತಾರಲ, ಅದು ಅಷರ್ ಹೇಳಿದ್ದಲ್ಲ, ಅವರಕಿಂತ ಸ್ವಲ್ಪ ಮೊದಲು ಲೈಟ್‌ಫುಟ್ ಅನ್ನೋ ಇನ್ನೊಬ್ಬ ಪಂಡಿತ ಮನುಷ್ಯನ ಸೃಷ್ಟಿಗೆ ಹೇಳಿದ ಹೊತ್ತು, ಅದನ್ನ ತಂದು ಇವರ ತಲಿಗೆ ಕಟ್ಟ್ಯಾರ.

ಒಂದ ಅನುಮಾನ ಮಾತ್ರ ನನಗ ಹೋಗಿಲ್ಲ. ಯೇಸು ಹುಟ್ಟಿದಾಗ ಆಳತಿದ್ದ ಹೆರೋದ ರಾಜ ಕ್ರಿ.ಪೂ. 4ರಾಗ ಸತ್ತ ಅಂದಮ್ಯಾಲೆ ಯೇಸು ಹುಟ್ಟಿದ್ದು ಅದಕ್ಕೂ ಮೊದಲ ಆಗಬೇಕು, ಹಂಗಾಗಿ 4004ಕ್ಕ ಸೃಷ್ಟಿ ಅಂದ್ರ ನಡುವ ಸರಿಯಾಗಿ 4000 ವರ್ಷ. ಜಗತ್ತಿಗೆ ಆರು ಸಾವಿರ ವರ್ಷ ಆಯುಷ್ಯ ಅನ್ನೋ ನಂಬಿಕಿ ಅವರಾಗ ಮೊದಲಿನಿಂದ ಇತ್ತು. ಇಷ್ಟು ದುಂಡನೆ ಮೊತ್ತ ಬಂದ್ರ ನಮ್ಮ ಆಡಿಟರ್ ಚಹಾ ಕಪ್ಪು ಕೆಳಗಿಟ್ಟು ಕನ್ನಡಕ ಏರಿಸ್ತಿದ್ದ.

ಇಷ್ಟಾದ್ರೂ ಒಂದ ದಾಖಲೆ ಇದ್ದಿದ್ರ ಸರಿ, ಇರೋದು ಮೂರು. ನಾನು ಮ್ಯಾಲೆ ಹೇಳಿದ 1656 ಹೀಬ್ರೂ ಪ್ರತಿದು. ಕ್ರಿಸ್ತಪೂರ್ವದಾಗ ಗ್ರೀಕಿಗೆ ಅನುವಾದ ಆದ ಪ್ರತಿಯೊಳಗ ಆದಾಮ ಮಗನ್ನ ಪಡೆದಿದ್ದು 130ಕ್ಕ ಅಲ್ಲ, 230ಕ್ಕ. ಹಿಂಗ ಭಾಳ ಮಂದಿ ಹಿರೇರ ವಯಸ್ಸಿಗೆ ನೂರು ನೂರು ಕೂಡಿ ಪ್ರಳಯಕ್ಕ 2242 ವರ್ಷ ಬರ್ತೈತಿ, ಕೆಲವು ಪ್ರತಿಯೊಳಗ 2262. ಯೆಹೂದ್ಯರಿಗೆ ಹತ್ತಿರದ ಇನ್ನೊಂದು ಪಂಗಡ ಸಮಾರ್ಯದವರ ಪ್ರತಿಯೊಳಗ ಬರೇ 1307. ಗ್ರೀಕಿನ ಕೆಲವು ಪ್ರತಿ ಹಿಡಿದು ಲೆಕ್ಕ ಹಾಕಿದ್ರ ಆ ಮೆತೂಷೆಲಹಜ್ಜ ಪ್ರಳಯ ಆಗಿ 14 ವರ್ಷ ಬದುಕಿರ್ತಾನ, ಹಡಗಿನಾಗ ಇದ್ದವರು ಎಂಟ ಮಂದಿ, ಅದರಾಗ ಅಂವ ಇಲ್ಲ, ಈಜಿದನೋ ಏನೋ! ಸಂತ ಅಗಸ್ಟೀನರು ಹದಿನಾರು ನೂರು ವರ್ಷದ ಹಿಂದ ಇದನ್ನ ಹಿಡ್ಕೊಂಡು ಚರ್ಚೆ ಮಾಡ್ಯಾರ, ಅಂದ್ರ ಈ ತಕರಾರು ನಿನ್ನೆ ಮೊನ್ನೆ ನಾಸ್ತಿಕರು ತಗದಿದ್ದಲ್ಲ.

ಹಂಗಾಗೇ ಒಂದೊಂದು ಸಮಾಜದ್ದು ಒಂದೊಂದು ಇಸವಿ. ಯೆಹೂದ್ಯರ ಪಂಚಾಂಗದ ಸೃಷ್ಟಿ ಕ್ರಿ.ಪೂ. 3761ಕ್ಕ, ಅದನ್ನ ಇವತ್ತಿಗೂ ಎಣಿಸ್ತಾರ. ಕಾನ್‌ಸ್ಟಾಂಟಿನೋಪಲ್ಲಿನವರದು ಗ್ರೀಕ್ ಪ್ರತಿ ಹಿಡಿದಿದ್ದು, 5509. ರಷ್ಯಾದಾಗಂತೂ ಸರ್ಕಾರಿ ಕಾಗದಕ್ಕೂ ಇದೇ ತಾರೀಖು ಹಾಕ್ತಿದ್ರು, 7208 ಅಂತ ನಡದಿತ್ತು, ಪೀಟರ್ ದೊರಿ ಹುಕುಂ ಕೊಟ್ಟು 1700 ಅಂತ ಬದಲಿ ಮಾಡಿಸಿದ. ಒಂದು ರಾತ್ರಿಯೊಳಗ ಅಷ್ಟೂ ರಜಿಸ್ಟರಿನ ಇಸವಿ ಬದಲಿ ಆದಾಗ ಅಲ್ಲಿನ ಗುಮಾಸ್ತರ ಗತಿ ಏನಾಗಿರಬೇಕು, ನನಗ ಕನಿಕರ ಬರ್ತೈತಿ. ಮೊದಲನೇ ಪತ್ರ ಬರೆದ ಸರ್ ಅವರು ಹೇಳಲಿ, 3761, 4004, 5509, ಇದರಾಗ ಯಾವುದು ದೇವರು ಬರೆಸಿದ್ದು?

ಆದ್ರ ನನ್ನ ಮುಖ್ಯ ಮಾತು ಇದೂ ಅಲ್ರಿ. ಮೂರೂ ಪ್ರತಿಯೊಳಗ ಒಂದ ಅಂಕಿ ಇದ್ದಿದ್ರೂ ಅದರಿಂದ ಭೂಮಿ ವಯಸ್ಸು ತಗಿಯಾಕ ಬರ್ತಿರಲಿಲ್ಲ, ಯಾಕಂದ್ರ ವಂಶಾವಳಿ ಅನ್ನೋದನ್ನ ಯಾರೂ ಕಾಲ ಅಳಿಯಾಕ ಬರೆಯಂಗಿಲ್ಲ.

ನಾನು ಹುಡಗ ಇದ್ದಾಗ ಸುಗ್ಗಿ ಮುಗಿದ ಮ್ಯಾಲೆ ನಮ್ಮ ಮನಿಗೆ ಹೆಳವ ಬರ್ತಿದ್ದ. ಎತ್ತಿನ ಮ್ಯಾಲೆ ಕೂತು ಬರೋದು, ಗಂಟಿ ಸಪ್ಪಳ ಓಣಿ ತುದಿಗೆ ಕೇಳಿದ್ರ ನಮ್ಮಪ್ಪ ಹೆಗಲಿಗೆ ಟವೆಲ್ ಹಾಕ್ಕೊಂಡು ಕಟ್ಟಿಗೆ ಬಂದು ನಿಂದ್ರತಿದ್ದ. ಅಂವ ಕೆಂಪು ಬಟ್ಟಿ ಗಂಟು ಬಿಚ್ಚಿ ಹೊತ್ತಿಗಿ ತಗದು, ಅದನ್ನ ನೋಡಿದಂಗ ಮಾಡಿ ನೋಡದನ, ಒಂದ ಉಸಿರಿನಾಗ ಮೂಲಪುರುಷನಿಂದ ಹಿಡಿದು ನಮ್ಮಪ್ಪನ ತನಕ ಒಂಬತ್ತು ತಲಿ ಕೂಗಿ ಹೇಳ್ತಿದ್ದ, ಯಾವ ಊರಿಂದ ಯಾಕ ಬಂದ್ರಿ ಅನ್ನೋದು ಸಹಿತ. ನಮ್ಮಮ್ಮಗ, ಅಂದ್ರ ಅಪ್ಪನ ತಾಯಿಗೆ, ಒಂದ ಸಂಕಟ. ಆಕಿ ಸಣ್ಣ ಮೈದುನ ಲಗ್ನ ಆಗದ ಪ್ಲೇಗಿನಾಗ ಸತ್ತಿದ್ದ, ಅವನ ಹೆಸರು ಹೆಳವನ ಬಾಯಾಗ ಎಂದೂ ಬರಲಿಲ್ಲ. ಒಂದ್ಸಲ ಬಾಗಲ ಹಿಂದ ನಿಂತು ಕೇಳೇಬಿಟ್ಲು, ನಮ್ಮ ಹುಡಗ ಎಲ್ಲಿ ಹೋದ ಅಂತ. ಹೆಳವ ಗಕ್ಕನ ನಿಲ್ಲಿಸಿ, ಯವ್ವಾ ಆ ಬಳ್ಳಿ ಮುಂದ ಹಬ್ಬಲಿಲ್ಲ, ಹಬ್ಬಲಾರದ ಬಳ್ಳಿ ಹೆಸರು ಕೂಗಂಗಿಲ್ಲ, ಅಂದ. ಹೆಣ್ಣಮಕ್ಕಳ ಹೆಸರಂತೂ ಇರೋದ ಇಲ್ಲ. ನಾನು ಶಾಣ್ಯಾ ಆಗಾಕ ಹೋಗಿ, ಆ ಮೂಲಪುರುಷ ಎಷ್ಟು ವರ್ಷದ ಹಿಂದಿನಾವ ಅಂತ ಕೇಳಿದೆ. ಅಂವ ನನ್ನ ಮಾರಿ ನೋಡಿದ, ನಮ್ಮಪ್ಪನ ಮಾರಿ ನೋಡಿದ, ಇದೆಂಥಾ ಪ್ರಶ್ನಿ ಅನ್ನೋಹಂಗ. ನಾನ ತಲಿಗೆ ಇಪ್ಪತ್ತೈದರಂಗ ಒಂಬತ್ತಲೆ ಇನ್ನೂರಾ ಇಪ್ಪತ್ತೈದು ಅಂತ ಇದ್ದಲಿಲೆ ಗ್ವಾಡಿ ಮ್ಯಾಲೆ ಬರೆದು ಅಪ್ಪನ ಕೈಲೆ ಏಟು ತಿಂದೆ, ಗ್ವಾಡಿ ಹಬ್ಬಕ್ಕ ಸಾರಿಸಿದ್ದು.

ಮುಂದ ನೌಕರಿ ಸೇರಿದ ಮ್ಯಾಲೆ ನಮ್ಮ ಹೊಲದ ಹಳೇ ಕಾಗದ ತಗಿಸಿ ನೋಡಿದ್ರ ಹೆಳವನ ಪಟ್ಟಿಯೊಳಗ ಇರದ ಎರಡು ಹೆಸರು ನಡುವ ಸಿಕ್ಕವು. ನಮ್ಮ ಕಡೆ ಅಜ್ಜನ ಹೆಸರು ಮೊಮ್ಮಗಗ ಇಡ್ತಾರಲ, ಬಸಪ್ಪನ ಮಗ ನಿಂಗಪ್ಪ, ನಿಂಗಪ್ಪನ ಮಗ ಬಸಪ್ಪ, ಅವನ ಮಗ ಮತ್ತ ನಿಂಗಪ್ಪ. ಯಾವನೋ ಒಬ್ಬ ಹೇಳೋ ಮುಂದ ಒಂದು ಬಸಪ್ಪನಿಂದ ಇನ್ನೊಂದು ಬಸಪ್ಪಗ ಜಿಗಿದಾನ, ಎರಡು ತಲಿ ಮಾಯ. ನನ್ನ ಇನ್ನೂರಾ ಇಪ್ಪತ್ತೈದೂ ಗೋತಾ. ಹಂಗಂತ ಹೆಳವ ಸುಳ್ಳ ಹೇಳಿದನೇನು? ನೀವು ಇಂಥಾ ಮೂಲದವರು ಅಂತ ಹೇಳೋದು ಅವನ ಕೆಲಸ, ಅದನ್ನ ಅಂವ ಸರಿ ಹೇಳ್ಯಾನ, ಅದಕ್ಕ ನಮ್ಮಪ್ಪ ಜೋಳ ಅಳದು ಕೊಟ್ಟಾನ.

ಬೈಬಲ್ಲಿನೊಳಗೂ ಇದ ಐತಿ, ಬೈಬಲ್ಲ ಅದನ್ನ ತೋರಸ್ತೈತಿ. ಮತ್ತಾಯನ ಸುವಾರ್ತೆ ಮೊದಲನೇ ಪುಟ ತಗೀರಿ, ಅಬ್ರಹಾಮನಿಂದ ದಾವೀದನ ತನಕ 14 ತಲಿ, ಅಲ್ಲಿಂದ ಬಾಬೆಲಿನ ಸೆರೆತನಕ 14, ಅಲ್ಲಿಂದ ಕ್ರಿಸ್ತನ ತನಕ 14 ಅಂತೈತಿ. ಅರಸರ ಪುಸ್ತಕ ಬಾಜೂಕ ಇಟ್ಕೊಂಡು ಟ್ಯಾಲಿ ಮಾಡಿದ್ರ ಯೋರಾಮ ಮತ್ತು ಉಜ್ಜೀಯನ ನಡುವ ಮೂರು ಮಂದಿ ರಾಜರು, ಅಹಜ್ಯ, ಯೋವಾಷ, ಅಮಚ್ಯ, ಬಿಟ್ಟುಹೋಗ್ಯಾರ. ಹೀಬ್ರೂದಾಗ ಅಕ್ಷರಕ್ಕ ಅಂಕಿ ಬೆಲೆ ಇರ್ತೈತಿ, ದಾವೀದ ಅನ್ನೋ ಹೆಸರಿನ ಅಕ್ಷರ ಕೂಡಿಸಿದ್ರ 14 ಆಗ್ತೈತಿ, ಅದಕ್ಕ ಆ 14 ಅಂತ ಭಾಳ ಪಂಡಿತರು ಹೇಳ್ತಾರ. ಬಾಯಿಪಾಠಕ್ಕೂ ಸಲೀಸು. ಲೂಕನ ಪಟ್ಟಿಯೊಳಗ ಅರ್ಪಕ್ಷದ ಮತ್ತು ಶೆಲಹನ ನಡುವ ಕಯಿನಾನ ಅಂತ ಒಬ್ಬ ಬರ್ತಾನ, ಹೀಬ್ರೂ ಆದಿಕಾಂಡದಾಗ ಅಂವ ಇಲ್ಲ. ಯೇಸುವನ್ನ ದಾವೀದನ ಮಗ ಅಂತ ನೇರವಾಗಿ ಕರೀತಾರ, ನಡುವ ಸಾವಿರ ವರ್ಷ ಐತಿ.

ಇಲ್ಲಿ ಮೊದಲನೇ ಪತ್ರದವರು ಒಂದು ಒಳ್ಳೆ ಪ್ರಶ್ನಿ ಕೇಳಬಹುದು, ಆದಿಕಾಂಡದಾಗ ಬರೇ ಹೆಸರಲ್ಲ, ಮಗನ್ನ ಪಡೆದ ವಯಸ್ಸೂ ಐತಲ್ಲ ಅಂತ. ಇದಕ್ಕ ಉತ್ತರ ಕೊಟ್ಟಾವ ಅಮೆರಿಕದ ಪ್ರಿನ್ಸ್‌ಟನ್ನಿನ ವಿಲಿಯಂ ಹೆನ್ರಿ ಗ್ರೀನ್, 1890ರಾಗ, ಹೀಬ್ರೂ ಪಂಡಿತ, ಬೈಬಲ್ ಮ್ಯಾಲೆ ಅಪಾರ ಭಕ್ತಿ ಇದ್ದಾವ. ಪಡೆದ ಅನ್ನೋ ಮಾತು ಮೊಮ್ಮಗ ಮರಿಮಗಗೂ ಹೊಂದತೈತಿ, ಅದಕ್ಕೂ ಹೆಚ್ಚಿಂದು ಅಂದ್ರ ಇಸ್ರಾಯೇಲರು ಐಗುಪ್ತದಾಗ, ಅಂದ್ರ ಈಜಿಪ್ಟಿನಾಗ, 430 ವರ್ಷ ಇದ್ರು, ಅಲ್ಲಿಂದ ಹೊಂಟು 480ನೇ ವರ್ಷಕ್ಕ ಸೊಲೊಮೋನ ದೇವಾಲಯ ಸುರು ಮಾಡಿದ ಅಂತ ಬೇಕಾದ ಕಡೆ ಬೈಬಲ್ ತಾನ ಮೊತ್ತ ಹಾಕಿ ಹೇಳ್ತೈತಿ, ಆದ್ರ ಆದಾಮನಿಂದ ಪ್ರಳಯದ ತನಕ ಇಷ್ಟು ವರ್ಷ ಅಂತ ಎಲ್ಲೂ ಹೇಳಿಲ್ಲ ಅಂತ ತೋರಿಸಿದ. ಇದನ್ನ ಓದಿದಾಗ ನಾನು ಖುರ್ಚಿಯಿಂದ ಎದ್ದು ನಿಂತೆ. ರಜಿಸ್ಟರ್ ಬರೆದಾವ ಕೆಳಗ ಒಟ್ಟು ಅನ್ನೋ ಕಾಲಂ ಬೇಕಂತ ಖಾಲಿ ಬಿಟ್ಟಿದ್ರ ಅದನ್ನ ತುಂಬೋ ಅಧಿಕಾರ ನಿಮಗ ಯಾರು ಕೊಟ್ರು?

ಇನ್ನ ಭೂಮಿ ವಯಸ್ಸು ಕೇಳೋದಾದ್ರ ಭೂಮಿನ್ನ ಕೇಳಬೇಕು. ಆ ದಾರ್ಯಾಗೂ ಮಂದಿ ಎಡವ್ಯಾರ. ಲಾರ್ಡ್ ಕೆಲ್ವಿನ್ ಅಂಥಾ ದೊಡ್ಡ ವಿಜ್ಞಾನಿ ಕಾದ ಭೂಮಿ ಆರಿಕೊಳ್ಳಾಕ ಎಷ್ಟು ಹೊತ್ತು ಬೇಕು ಅಂತ ಲೆಕ್ಕ ಹಾಕಿ 1862ರಾಗ 2 ಕೋಟಿಯಿಂದ 40 ಕೋಟಿ ವರ್ಷದ ಒಳಗ ಅಂದ, 1897ಕ್ಕ ಅದನ್ನ 2ರಿಂದ 4 ಕೋಟಿಗೆ ಇಳಿಸಿದ. ಜೋಲಿ ಅನ್ನೋವ ಸಮುದ್ರದ ಉಪ್ಪು ಎಣಿಸಿ 9 ಕೋಟಿ ಅಂದ. ಇಬ್ರೂ ತಪ್ಪು, ಮತ್ತ ಯಾಕ ತಪ್ಪು ಅನ್ನೋದನ್ನ ಮುಂದಿನವರು ತೋರಿಸಿದ್ರು. ಆಮ್ಯಾಲೆ ಯುರೇನಿಯಂ ತಾನ ಸವೆದು ಸೀಸ ಆಗೋದು ಗೊತ್ತಾತು, ಅದರ ಅರ್ಧ ಸವಿಯಾಕ 447 ಕೋಟಿ ವರ್ಷ ಬೇಕು. 1956ರಾಗ ಪ್ಯಾಟರ್ಸನ್ ಅನ್ನೋವ ಉಲ್ಕೆಯೊಳಗಿನ ಸೀಸ ಅಳದು 455 ಕೋಟಿ ಅಂದ, ಏಳು ಕೋಟಿ ಹೆಚ್ಚುಕಮ್ಮಿ ಇರಬಹುದು ಅಂತ ತಾನ ಬರೆದ. ಎಪ್ಪತ್ತು ವರ್ಷ ಆತು, ಆ ಅಂಕಿ ಹೆಚ್ಚುಕಮ್ಮಿ ಅಲ್ಲೇ ನಿಂತೈತಿ, ಈಗ 454 ಕೋಟಿ ಅಂತಾರ. ಯುರೇನಿಯಂ ನಂಬಿಕಿ ಇಲ್ಲದವರು ಮರದ ಉಂಗುರ ಎಣಿಸಲಿ, ಜರ್ಮನಿಯೊಳಗ ಹಳೇ ದಿಮ್ಮಿ ಒಂದಕ್ಕೊಂದು ಜೋಡಿಸಿ 12 ಸಾವಿರ ವರ್ಷದ ಮ್ಯಾಲೆ ಎಣಿಸ್ಯಾರ, ಅಲ್ಲಿಗೇ 4004 ದಾಟಿ ಹೋತು.

ಅಷ್ಟು ದೂರ ಯಾಕ, ನಮ್ಮ ಧಾರವಾಡದ ಹೆಸರು ಜಗತ್ತಿನ ಭೂವಿಜ್ಞಾನದ ಪುಸ್ತಕದಾಗೆಲ್ಲಾ ಐತಿ. ರಾಬರ್ಟ್ ಬ್ರೂಸ್ ಫೂಟ್ ಅನ್ನೋ ಸರ್ವೆ ಸಾಹೇಬ ಹತ್ತೊಂಬತ್ತನೇ ಶತಮಾನದ ಕೊನೀಗೆ ಈ ಕಲ್ಲಿನ ಪದರಿಗೆ ಧಾರವಾಡ ಅಂತ ಹೆಸರು ಇಟ್ಟ. ನಮ್ಮ ಕಪ್ಪತಗುಡ್ಡ ಅದೇ ಜಾತಿ ಕಲ್ಲು, 250 ಕೋಟಿ ವರ್ಷಕ್ಕಿಂತ ಹಳೇದು. ಡೋಣಿ ಕಡೆಯಿಂದ ಹತ್ತೋ ಮುಂದ ಕಬ್ಬಿಣದ ಪಟ್ಟಿ ಪಟ್ಟಿ ಕೆಂಪು ಕರೀ ಕಲ್ಲು ಕಾಲಿಗೆ ಚುಚ್ಚತಾವಲ, ಅವು.

ಈ ಪತ್ರ ಓದಿ ನಮ್ಮವರು ಯಾರೂ ನಗಬ್ಯಾಡ್ರಿ. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ವಿಜ್ಞಾನ ಹೇಳೋದು 454 ಕೋಟಿ, ನೋಡ್ರಿ ನಮ್ಮ ಋಷಿಗಳಿಗೆ ಮೊದಲ ಗೊತ್ತಿತ್ತು ಅಂತ ನನ್ನ ವಾಟ್ಸಾಪಿಗೆ ವಾರಕ್ಕೊಂದು ಬರ್ತೈತಿ. ಆದ್ರ 432 ಅನ್ನೋದು ಆ ಹಗಲಿನ ಪೂರ್ತಿ ಉದ್ದ, ಅದರಾಗ ಕಳೆದಿದ್ದು ಪಂಚಾಂಗದ ಪ್ರಕಾರ ಸುಮಾರು 197 ಕೋಟಿ ಅಷ್ಟ. ದಿನಾ ಸಂಕಲ್ಪದಾಗ ಶ್ವೇತವರಾಹಕಲ್ಪೇ ವೈವಸ್ವತಮನ್ವಂತರೇ ಅಂತ ಅಂದ್ಕೊಂಡು ಆ ಲೆಕ್ಕ ಒಮ್ಮೆ ಹಾಕಿ ನೋಡಂಗಿಲ್ಲ ಮಂದಿ.

ಕೊನೀಗೆ ಒಂದು ವಿನಂತಿ. ನೀವು ಅಚ್ಚು ಹಾಕಿದ ಮೊದಲನೇ ಪತ್ರದಾಗ ಎರಡನೇ ಕಾಲಂನಾಗ 4004 ಸರಿ ಐತಿ, ಆದ್ರ ಕೆಳಗಿನ ಸಾಲಿನಾಗ 4040 ಅಂತ ಬಿದ್ದೈತಿ. ಬರೆದವರ ತಪ್ಪೋ, ನಿಮ್ಮ ಡಿಟಿಪಿ ಹುಡುಗರ ತಪ್ಪೋ ಗೊತ್ತಿಲ್ಲ. ಒಂದು ಸಣ್ಣ ತಿದ್ದುಪಡಿ ಹಾಕಿಬಿಡ್ರಿ, ನಾನು ಕತ್ತರಿಸಿ ಇಟ್ಕೊಂಡ ಹಾಳಿ ಮ್ಯಾಲೆ ಈಗಾಗಲೇ ಕೆಂಪು ಶಾಯಿಲೆ ತಿದ್ದಿ ಸಹಿ ಹಾಕೀನಿ.

ಇತಿ ನಿಮ್ಮ ಓದುಗ,
ಒಬ್ಬ ನಿವೃತ್ತ ತಲಾಠಿ, ಗದಗ